ಸುರಂಗದ ಮೇಲೊಂದು ಪೇಟೆ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಐನೂರು ವರ್ಷಗಳ ಊರು ಎದುರಾಗುತ್ತದೆ. ಆದರೆ ಇಳಿಯುವವರು ಯಾರು?

“ಅಪ್ಪಾ, ಈ ಕೃಷ್ಣರಾಜೇಂದ್ರ ಅಂದ್ರೆ ಯಾರು?”

ಮಗಳು ಹೀಗೆ ಕೇಳಿದಾಗ ನಾವಿಬ್ಬರೂ ಹಸಿರು ಮಾರ್ಗದ ಮೆಟ್ರೊ ರೈಲಿನಲ್ಲಿದ್ದೆವು. ಮುಂದಿನ ನಿಲ್ದಾಣ ಕೃಷ್ಣರಾಜೇಂದ್ರ ಮಾರುಕಟ್ಟೆ ಎಂದು ಧ್ವನಿವರ್ಧಕ ಆಗಷ್ಟೇ ಸಾರಿತ್ತು. ಎರಡನೇ ಪಿಯುಸಿ ಓದುತ್ತಿರುವ ಆಕೆ ಬನಶಂಕರಿಯಿಂದ ಸಂಪಿಗೆ ರಸ್ತೆಗೆ ದಿನಾ ಹೋಗಿಬರುವವಳು. ಅಂದರೆ ಎರಡು ವರ್ಷಗಳಿಂದ ದಿನಕ್ಕೆ ಎರಡು ಸಲ ಈ ಹೆಸರನ್ನು ಕೇಳುತ್ತಿದ್ದಾಳೆ. ಒಂದು ದಿನವೂ ಅಲ್ಲಿ ಇಳಿದವಳಲ್ಲ.

“ಮೈಸೂರು ಮಹಾರಾಜರು ಕಣಮ್ಮ. ಕನ್ನಂಬಾಡಿ ಕಟ್ಟೆಗೆ ಹೆಸರಿದೆಯಲ್ಲ, ಅವರೇ” ಎಂದೆ.

“ಅಣೆಕಟ್ಟಿಗೆ ಸರಿ. ಮಾರ್ಕೆಟ್ಟಿಗೆ ಯಾಕೆ ಅವರ ಹೆಸರು? ಮೇಲೆ ಏನಿದೆ ಅಲ್ಲಿ?”

ಉತ್ತರ ಹೊಂದಿಸಿಕೊಳ್ಳುವಷ್ಟರಲ್ಲಿ ಚಿಕ್ಕಪೇಟೆ ಬಂತು. ಬಾಯಿ ತೆರೆಯುವಷ್ಟರಲ್ಲಿ ಮೆಜೆಸ್ಟಿಕ್. ಜನ ಇಳಿದರು, ಜನ ಹತ್ತಿದರು, ಪ್ರಶ್ನೆ ಅಲ್ಲೇ ಉಳಿಯಿತು. ಸಂಕೋಚವಾದದ್ದು ನನಗೆ. ಏಕೆಂದರೆ ಆ ನಿಲ್ದಾಣದ ನೆತ್ತಿಯ ಮೇಲಿರುವ ನೆಲಕ್ಕೆ ನಾನು ಋಣಿ. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು: ಮುಂದಿನ ಶನಿವಾರ ಅಪ್ಪ-ಮಗಳು ಇಬ್ಬರೂ ಆ ನಿಲ್ದಾಣದಲ್ಲಿ ಇಳಿಯುವುದೆಂದು ತೀರ್ಮಾನವಾಯಿತು.

ಮೇಲೊಂದು ದಾರಿ, ಕೆಳಗೊಂದು ದಾರಿ

ಬನಶಂಕರಿ ಕಡೆಯಿಂದ ಬರುವ ರೈಲು ಜಯನಗರ, ಲಾಲ್‌ಬಾಗ್‌ಗಳಲ್ಲಿ ಕಂಬಗಳ ಮೇಲೆ ಓಡುತ್ತದೆ. ಕಿಟಕಿಯಲ್ಲಿ ಮರದ ತಲೆಗಳು, ತಾರಸಿಯ ಮೇಲೆ ಒಣಗಿಹಾಕಿದ ಬಟ್ಟೆಗಳು ಕಾಣುತ್ತವೆ. ನ್ಯಾಷನಲ್ ಕಾಲೇಜು ನಿಲ್ದಾಣ ದಾಟಿದ ಮೇಲೆ ಅದು ತಲೆ ತಗ್ಗಿಸಿ ನೆಲದೊಳಕ್ಕೆ ಇಳಿಯುತ್ತದೆ. ಬೆಳಕು ಹೋಗಿ ಕಿಟಕಿಯ ಗಾಜಿನಲ್ಲಿ ನಮ್ಮ ಮುಖವೇ ನಮಗೆ ಕಾಣತೊಡಗುತ್ತದೆ. ಅಲ್ಲಿಂದ ಮುಂದೆ ಮಾರುಕಟ್ಟೆ, ಚಿಕ್ಕಪೇಟೆ, ಮೆಜೆಸ್ಟಿಕ್ ಮೂರೂ ಸುರಂಗದ ನಿಲ್ದಾಣಗಳು. ಸುಮಾರು 4 ಕಿ.ಮೀ. ಕಳೆದು ಸಂಪಿಗೆ ರಸ್ತೆಯ ಹೊತ್ತಿಗೆ ರೈಲು ಮತ್ತೆ ಬಿಸಿಲಿಗೆ ಬರುತ್ತದೆ.

ಇಲ್ಲಿ ಮಾತ್ರ ಸುರಂಗ ಏಕೆ? ಮೇಲೆ ಕಂಬ ನೆಡಲು ಜಾಗವಿಲ್ಲ. ಕೆಂಪೇಗೌಡರ ಕಾಲದಲ್ಲಿ ಎತ್ತಿನ ಗಾಡಿಗೆಂದು ಬಿಟ್ಟ ಬೀದಿಗಳಲ್ಲಿ ಇಂದು ಆಟೊ, ಟೆಂಪೊ, ತಳ್ಳುಗಾಡಿ, ತಲೆಹೊರೆಯ ಹಮಾಲರು ಎಲ್ಲರೂ ಒಟ್ಟಿಗೆ ಸಾಗಬೇಕು. ಗೋಡೆಗೆ ಗೋಡೆ ಅಂಟಿಕೊಂಡ ಅಂಗಡಿಸಾಲು. ಅದನ್ನು ಕೆಡವದೆ ದಾಟಬೇಕಾದರೆ ಕೆಳಗಿನಿಂದಲೇ ದಾಟಬೇಕು.

ಮಾರುಕಟ್ಟೆಯನ್ನು ಮೇಲಿನಿಂದ ದಾಟುವ ದಾರಿ ಅದಕ್ಕೂ ಮೊದಲೇ ಬಂದಿತ್ತು. ಪುರಭವನದ ಕಡೆಯಿಂದ ಸಿರ್ಸಿ ವೃತ್ತದವರೆಗಿನ ಮೇಲ್ಸೇತುವೆ 1990ರ ದಶಕದ ಕೊನೆಯಲ್ಲಿ ಸಿದ್ಧವಾಯಿತು. ಆಮೇಲೆ 2017ರ ಜೂನ್ 17ರಂದು ಅಂದಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಸುರಂಗದ ಈ ಭಾಗವನ್ನು ಉದ್ಘಾಟಿಸಿದರು. ಮಾರನೆಯ ದಿನದಿಂದ ಜನರ ಓಡಾಟ ಶುರುವಾಯಿತು. ಹೀಗೆ ಮಾರುಕಟ್ಟೆಗೆ ಈಗ ಮೇಲೊಂದು ದಾರಿ, ಕೆಳಗೊಂದು ದಾರಿ. ಎರಡರಲ್ಲೂ ಹೋಗುವವರಿಗೆ ನಡುವೆ ಇರುವ ಊರು ಮಾತ್ರ ಕಾಣುವುದಿಲ್ಲ!

ಹೆಗ್ಗಣದಂಥ ಯಂತ್ರ

ವಿಜ್ಞಾನದ ವಿದ್ಯಾರ್ಥಿಗಳು ಕೇಳಬಹುದಾದ ಪ್ರಶ್ನೆ: ಮೇಲೆ ಅಂಗಡಿ ನಡೆಯುತ್ತಿರುವಾಗಲೇ ಕೆಳಗೆ ಸುರಂಗ ತೋಡುವುದು ಹೇಗೆ?

ಅದಕ್ಕಾಗಿ ಇರುವುದು ಸುರಂಗ ಕೊರೆಯುವ ಯಂತ್ರ. ಉದ್ದನೆಯ ಉಕ್ಕಿನ ಕೊಳವೆಯ ಮುಂದೆ ಒಂದು ದೊಡ್ಡ ಚಕ್ರ. ಅದರ ಮೈತುಂಬ ಕಲ್ಲನ್ನು ಪುಡಿ ಮಾಡುವ ಗಟ್ಟಿ ಬಿಲ್ಲೆಗಳು. ಚಕ್ರ ತಿರುಗುತ್ತಾ ಮುಂದಿನ ಮಣ್ಣು, ಬಂಡೆಗಳನ್ನು ಅರೆಯುತ್ತದೆ. ಅರೆದದ್ದು ಹಿಂದಕ್ಕೆ ಸಾಗುತ್ತದೆ. ಯಂತ್ರದ ಬೆನ್ನಿಗೇ ಕಾಂಕ್ರೀಟಿನ ಬಾಗಿದ ತುಂಡುಗಳನ್ನು ಜೋಡಿಸಿ ಒಂದು ಪೂರ್ಣ ಬಳೆ ಮಾಡುತ್ತಾರೆ. ಆ ಬಳೆಯನ್ನೇ ಒದ್ದುಕೊಂಡು ಯಂತ್ರ ಇನ್ನಷ್ಟು ಮುಂದೆ ಹೋಗುತ್ತದೆ. ಮತ್ತೊಂದು ಬಳೆ, ಮತ್ತೊಂದು ಒದೆತ. ಸುರಂಗವೆಂದರೆ ಸಾಲಾಗಿ ಪೋಣಿಸಿದ ಸಾವಿರಾರು ಕಾಂಕ್ರೀಟ್ ಬಳೆಗಳು. ಬಳೇಪೇಟೆಯ ಪಕ್ಕದಲ್ಲೇ ಇಂಥ ಬಳೆಗಳನ್ನೂ ತೊಡಿಸಿದರಲ್ಲ ಎಂದು ಮಗಳು ನಕ್ಕಳು.

ಈ ಭಾಗದಲ್ಲಿ ಕೆಲಸ ಮಾಡಿದ ಯಂತ್ರಗಳಿಗೆ ಕಾವೇರಿ, ಕೃಷ್ಣಾ, ಗೋದಾವರಿ ಎಂದು ನದಿಗಳ ಹೆಸರು. ಆದರೆ ಹೆಸರಿನಂತೆ ಸರಾಗವಾಗಿ ಹರಿಯಲು ಬೆಂಗಳೂರಿನ ನೆಲ ಬಿಡಲಿಲ್ಲ. ಇಲ್ಲಿ ಒಂದೆಡೆ ಮೆದು ಮಣ್ಣು, ಅದರ ಪಕ್ಕದಲ್ಲೇ ಹೆಬ್ಬಂಡೆ. ಚಕ್ರದ ಅರ್ಧ ಭಾಗ ಕಲ್ಲಿಗೆ ಸಿಕ್ಕಿ ಉಳಿದರ್ಧ ಮಣ್ಣಿನಲ್ಲಿದ್ದರೆ ಬಿಲ್ಲೆಗಳು ಮುರಿಯುತ್ತವೆ. ಚಿಕ್ಕಪೇಟೆ-ಮೆಜೆಸ್ಟಿಕ್ ನಡುವೆ ‘ಗೋದಾವರಿ’ ಕೆಟ್ಟು ನಿಂತು ಕೆಲಸ ತಿಂಗಳುಗಟ್ಟಲೆ ತಡವಾಯಿತು. ಬೆಂಗಳೂರು ಮೆಟ್ರೊಗೆ ಅಡಿಗಲ್ಲು ಬಿದ್ದದ್ದು 2006ರ ಜೂನ್ 24ರಂದು. ಅಲ್ಲಿಂದ ಈ ನಿಲ್ದಾಣ ತೆರೆಯಲು ಹೆಚ್ಚುಕಡಿಮೆ ಹನ್ನೊಂದು ವರ್ಷ. ಒಂದನೇ ತರಗತಿಗೆ ಸೇರಿದ ಮಗು ಎಸ್ಸೆಸ್ಸೆಲ್ಸಿ ಮುಗಿಸುವಷ್ಟು ಕಾಲ!

ಗುಂಡಿಯಲ್ಲಿ ಸಿಕ್ಕ ಫಿರಂಗಿ

ಸುರಂಗವನ್ನು ಯಂತ್ರ ಅಡ್ಡಲಾಗಿ ಕೊರೆಯುತ್ತದೆ. ಆದರೆ ನಿಲ್ದಾಣವನ್ನು ಹಾಗೆ ಕೊರೆಯುವುದಿಲ್ಲ. ಮೇಲಿನಿಂದಲೇ ದೊಡ್ಡ ಪೆಟ್ಟಿಗೆಯಾಕಾರದ ಗುಂಡಿ ತೋಡಿ, ಗೋಡೆ ಕಟ್ಟಿ, ಆಮೇಲೆ ಮುಚ್ಚಳ ಹಾಕುತ್ತಾರೆ. ಈ ವ್ಯತ್ಯಾಸ ಸಣ್ಣದಲ್ಲ. ಹಳೆಯ ಕಾಲದ ಜನ ಬಿಟ್ಟುಹೋದ ವಸ್ತುಗಳೆಲ್ಲ ಸಾಮಾನ್ಯವಾಗಿ ನೆಲದ ಮೇಲ್ಪದರದಲ್ಲಿರುತ್ತವೆ. ಸುರಂಗ ಅವುಗಳ ಕೆಳಗೆ ತಣ್ಣಗೆ ನುಸುಳಿ ಹೋಗುತ್ತದೆ. ನಿಲ್ದಾಣದ ಗುಂಡಿ ಮಾತ್ರ ಆ ಪದರವನ್ನು ಬಿಚ್ಚುತ್ತದೆ.

ಇಲ್ಲಿ ಆದದ್ದೂ ಅದೇ. 2012ರಲ್ಲಿ ಕೋಟೆಯ ಬಳಿ ಮೆಟ್ರೊಗಾಗಿ ನೆಲ ಅಗೆಯುತ್ತಿದ್ದ ಕಾರ್ಮಿಕರಿಗೆ ಎರಡು ಕಬ್ಬಿಣದ ಫಿರಂಗಿಗಳು ಸಿಕ್ಕವು. ಒಂದೊಂದೂ ಸುಮಾರು ಒಂದು ಟನ್ ತೂಕ. ಜತೆಗೆ ಗುಂಡುಗಳು. ಟಿಪ್ಪು ಸುಲ್ತಾನನ ಕಾಲದವು ಎಂದು ಗುರುತಿಸಲಾಯಿತು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಅವು ನೆಲದಡಿ ಮಲಗಿದ್ದವು. ಅವುಗಳ ಮೇಲೆ ಕುದುರೆಗಾಡಿ ಓಡಿತು, ಬಸ್ಸು ಓಡಿತು. ಯಾರಿಗೂ ಗೊತ್ತಾಗಲಿಲ್ಲ.

ಇದನ್ನು ಹೇಳಿದಾಗ ಮಗಳು ಎಸ್ಕಲೇಟರಿನ ಮೇಲೆ ನಿಂತು ಅಕ್ಕಪಕ್ಕದ ಗೋಡೆಗಳನ್ನು ಒಮ್ಮೆ ನೋಡಿದಳು. ಎರಡು ವರ್ಷ ಕಣ್ಣಿಗೆ ಬೀಳದಿದ್ದ ಗೋಡೆಗಳವು.

ಕೋಟೆಯ ಬಾಗಿಲಲ್ಲಿ

ನಿಲ್ದಾಣದಿಂದ ಹೊರಬಂದು ನಾಲ್ಕು ಹೆಜ್ಜೆ ಹಾಕಿದರೆ ಬೆಂಗಳೂರು ಕೋಟೆಯ ದೆಹಲಿ ಬಾಗಿಲು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. 1761ರಲ್ಲಿ ಹೈದರಾಲಿ ಅದನ್ನು ಕಲ್ಲಿನದಾಗಿಸಿದ. ಟಿಪ್ಪು ಇನ್ನಷ್ಟು ಬಲಪಡಿಸಿದ. ಕೋಟೆಯ ಉತ್ತರಕ್ಕೆ ವ್ಯಾಪಾರಿಗಳ, ಕಸುಬುದಾರರ ಪೇಟೆ. ಅದಕ್ಕೆ ಪ್ರತ್ಯೇಕ ಮಣ್ಣಿನ ಗೋಡೆ, ಕಂದಕ, ಸುತ್ತ ದಟ್ಟ ಮುಳ್ಳುಬೇಲಿ.

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಬಂದಾಗ ಮೊದಲು ಬಿದ್ದದ್ದು ಪೇಟೆ, ಮಾರ್ಚ್ 7ರಂದು. ಅದರ ಬಾಗಿಲಲ್ಲೇ ಬ್ರಿಟಿಷರ ಕರ್ನಲ್ ಮೂರ್‌ಹೌಸ್ ಸತ್ತ. ಎರಡು ವಾರದ ಬಳಿಕ, ಮಾರ್ಚ್ 21ರ ರಾತ್ರಿ, ಫಿರಂಗಿಗಳಿಂದ ಬಿರುಕುಬಿಟ್ಟ ಗೋಡೆಯ ಮೂಲಕ ಶತ್ರುಗಳು ಕೋಟೆಗೆ ನುಗ್ಗಿದರು. ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಮಡಿದ. ಗೋಡೆ ಒಡೆದ ಜಾಗವನ್ನು ತೋರಿಸುವ ಶಿಲಾಫಲಕ ಕೋಟೆಯ ಬಳಿ ಇಂದಿಗೂ ಇದೆ. ಮೂರನೇ ಮೈಸೂರು ಯುದ್ಧ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುವ ಸಾಲು ನಡೆದ ಜಾಗ ಇದೇ.

“ಕೋಟೆ ಅಂದ್ರೆ ಇಷ್ಟೇನಾ?” ಎಂದಳು ಮಗಳು. ನ್ಯಾಯವಾದ ಪ್ರಶ್ನೆ. ಉಳಿದಿರುವುದು ಬಾಗಿಲು, ಅದರ ಆಸುಪಾಸಿನ ಸ್ವಲ್ಪ ಗೋಡೆ, ಬುರುಜು, ಒಳಗಿನ ಪುಟ್ಟ ಗಣಪತಿ ಗುಡಿ. ಉಳಿದದ್ದೆಲ್ಲ ಎಲ್ಲಿ ಹೋಯಿತು? ಯಾವ ಶತ್ರುವೂ ಅದನ್ನು ಹೊತ್ತೊಯ್ಯಲಿಲ್ಲ. ಊರು ಬೆಳೆದಂತೆ ಕೋಟೆಯ ಜಾಗದಲ್ಲಿ ರಸ್ತೆಗಳಾದವು. 1907ರಲ್ಲಿ ಕೋಟೆ ಪ್ರೌಢಶಾಲೆ ಎದ್ದಿತು. ಆಸ್ಪತ್ರೆ, ಕಾಲೇಜುಗಳು ಬಂದವು. ಕೆಡವಿದ್ದು ಕೆಟ್ಟ ಕೆಲಸಕ್ಕಲ್ಲ, ಒಳ್ಳೆಯ ಕೆಲಸಗಳಿಗೇ. ಹಳೆಯದು ಕರಗುವುದು ಬಹುಮಟ್ಟಿಗೆ ಹೀಗೆಯೇ. ಪ್ರತಿ ಸಲವೂ ಒಂದು ಸರಿಯಾದ ಕಾರಣ ಇರುತ್ತದೆ.

ಕೋಟೆಯಿಂದ ಸ್ವಲ್ಪ ಮುಂದೆ ಎರಡು ಕಟ್ಟಡಗಳು ಅಕ್ಕಪಕ್ಕದಲ್ಲಿವೆ. ಒಂದು ಚಿಕ್ಕದೇವರಾಜ ಒಡೆಯರ ಕಾಲದ, 17ನೇ ಶತಮಾನದ ಕೊನೆಯ ಕೋಟೆ ವೆಂಕಟರಮಣ ದೇವಸ್ಥಾನ. ಮೊಗಲರಿಂದ ಮೂರು ಲಕ್ಷ ರೂಪಾಯಿಗೆ ಬೆಂಗಳೂರನ್ನು ಪಡೆದವರು ಇದೇ ಒಡೆಯರು. ಇನ್ನೊಂದು ಟಿಪ್ಪುವಿನ ಬೇಸಿಗೆ ಅರಮನೆ. 1781ರಲ್ಲಿ ಹೈದರ್ ಶುರು ಮಾಡಿಸಿದ್ದು, 1791ರಲ್ಲಿ ಟಿಪ್ಪು ಮುಗಿಸಿದ್ದು. ತೇಗದ ಕಂಬಗಳು, ಕಮಾನುಗಳು, ಮಾಸಿದ ಬಣ್ಣದ ಹೂಬಳ್ಳಿಗಳು. ಸ್ವರ್ಗವೇ ಅಸೂಯೆಪಡುವ ಅರಮನೆ ಎಂಬರ್ಥದ ಪಾರ್ಸಿ ಹೆಸರು ಇದಕ್ಕುಂಟು. ಕಟ್ಟಿ ಮುಗಿದ ವರ್ಷವೇ ಕೋಟೆ ಬಿದ್ದಿತು! ಟಿಪ್ಪುವಿನ ನಂತರ ಬ್ರಿಟಿಷರು ಇಲ್ಲೇ ಕಚೇರಿ ನಡೆಸಿದರು. 1868ರಲ್ಲಿ ಆ ಕಚೇರಿ ಕಬ್ಬನ್ ಪಾರ್ಕಿನ ಅಠಾರಾ ಕಚೇರಿಗೆ ಹೋಯಿತು. ಇಂದು ಅಲ್ಲಿ ಹೈಕೋರ್ಟು.

ದೇವಸ್ಥಾನದ ಗಂಟೆಯ ಸದ್ದು ಅರಮನೆಯ ಮೊಗಸಾಲೆಯಲ್ಲಿ ಕೇಳುತ್ತದೆ. ಅಲ್ಲಿಯ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತೆವು. ಸಂತೆಯ ನಡುವೆ ಅಷ್ಟು ಮೌನ ಸಿಗುತ್ತದೆಂದು ನಾನೂ ಎಣಿಸಿರಲಿಲ್ಲ.

ತಾಯಿಯ ಹೆಸರು, ಮಗನ ಹೆಸರು

ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಸ್ಪತ್ರೆಗಳ ಮುಂದೆ. ಕೃಷ್ಣರಾಜೇಂದ್ರ ಎಂದರೆ ನಾಲ್ವಡಿ ಕೃಷ್ಣರಾಜ ಒಡೆಯರು. ತಂದೆ ತೀರಿಕೊಂಡಾಗ ಅವರಿನ್ನೂ ಬಾಲಕ. 1902ರವರೆಗೆ ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರೇ ರಾಜ್ಯದ ಆಡಳಿತ ನೋಡಿಕೊಂಡರು. ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಬಿದ್ದದ್ದು ಆ ತಾಯಿಯ ಕಾಲದಲ್ಲಿ, 1897ರಲ್ಲಿ. ಮರುವರ್ಷವೇ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆಯಲ್ಲಿ ಜನ ಸಾಲುಸಾಲಾಗಿ ಸತ್ತರು. ಬದುಕಿದವರು ಗಾಳಿ-ಬೆಳಕು ಹುಡುಕಿಕೊಂಡು ಹೋದದ್ದರಿಂದಲೇ ಬಸವನಗುಡಿ, ಮಲ್ಲೇಶ್ವರಗಳು ತುಂಬಿದವು. ಆಸ್ಪತ್ರೆ 1900ರ ಡಿಸೆಂಬರಿನಲ್ಲಿ ತೆರೆಯಿತು.

ಹೆರಿಗೆಗೆ, ಮಕ್ಕಳಿಗೆ ಹೆಸರಾದ ವಾಣಿವಿಲಾಸ ಆಸ್ಪತ್ರೆ 1935ರದು. ಅದರ ಹೆಸರಿನಲ್ಲಿರುವುದು ತಾಯಿ, ಮಾರುಕಟ್ಟೆಯ ಹೆಸರಿನಲ್ಲಿರುವುದು ಮಗ. ಮಿಂಟೊ ಕಣ್ಣಾಸ್ಪತ್ರೆ, ಬೆಂಗಳೂರು ವೈದ್ಯಕೀಯ ಕಾಲೇಜು ಎಲ್ಲವೂ ಇದೇ ಸುತ್ತಿನಲ್ಲಿವೆ. ನಿಲ್ದಾಣದ ಮೆಟ್ಟಿಲುಗಳಲ್ಲಿ ಒಂದು ಗಳಿಗೆ ನಿಂತು ನೋಡಿ: ಬಿಳಿ ಕೋಟು ತೋಳಿಗೆ ಹಾಕಿಕೊಂಡ ಹುಡುಗ ಹುಡುಗಿಯರು ಮೇಲಕ್ಕೆ ಹೋಗುತ್ತಿರುತ್ತಾರೆ. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿದ ಅಜ್ಜ ಮೊಮ್ಮಗನ ಭುಜ ಹಿಡಿದು ಕೆಳಕ್ಕೆ ಬರುತ್ತಿರುತ್ತಾರೆ. ಲಿಫ್ಟಿನ ಮುಂದೆ ಬಾಣಂತಿ, ಕೂಸು, ಜತೆಗೆ ಫ್ಲಾಸ್ಕು ಹಿಡಿದ ತಾಯಿ. ಮೆಟ್ರೊ ಯಾರಿಗೆ ಉಪಕಾರವಾಯಿತು ಎಂದು ಕೇಳುವವರಿಗೆ ಇಲ್ಲಿಯ ಲಿಫ್ಟೇ ಉತ್ತರ.

ಹೂವಿನ ಮಾರು

ಮಾರುಕಟ್ಟೆ ಇರುವ ಜಾಗದಲ್ಲಿ ಹಿಂದೆ ಸಿದ್ದಿಕಟ್ಟೆ ಎಂಬ ಕೆರೆಯಿತ್ತು. ಕೋಟೆಗೂ ಪೇಟೆಗೂ ನಡುವಿನ ಈ ಬಯಲು ಯುದ್ಧವನ್ನೂ ಕಂಡಿತು. ಶಿವನಸಮುದ್ರದಿಂದ ಬೆಂಗಳೂರಿಗೆ ವಿದ್ಯುತ್ ಬಂದದ್ದು 1905ರ ಆಗಸ್ಟ್‌ನಲ್ಲಿ. ಊರಿನ ಮೊದಲ ವಿದ್ಯುತ್ ದೀಪಗಳು ಬೆಳಗಿದ್ದು ಈ ಪ್ರದೇಶದಲ್ಲೇ. ಮಾರುಕಟ್ಟೆಯ ಹಳೆಯ ಕಟ್ಟಡ ಎದ್ದದ್ದು ಆಮೇಲೆ, 1920ರ ದಶಕದಲ್ಲಿ. ಆಗ ಸಿಂಹಾಸನದಲ್ಲಿದ್ದವರು ಕೃಷ್ಣರಾಜರು. ಹೀಗೆ ಮಾರುಕಟ್ಟೆಗೆ ಆ ಹೆಸರು. ಜನರ ಬಾಯಲ್ಲಿ ಮಾತ್ರ ಅದು ಹಿಂದೆಯೂ ಇಂದೂ ‘ಸಿಟಿ ಮಾರ್ಕೆಟ್’ ಅಥವಾ ಬರೀ ‘ಮಾರ್ಕೆಟ್ಟು’.

ಹೂವಿನ ಅಂಗಡಿಗಳ ಕಡೆ ಕಾಲಿಟ್ಟರೆ ಮೊದಲು ಬರುವುದು ವಾಸನೆ, ಆಮೇಲೆ ಬಣ್ಣ, ಕೊನೆಗೆ ಗದ್ದಲ. ಸೇವಂತಿಗೆಯ ಹಳದಿ ರಾಶಿ, ಕನಕಾಂಬರ, ಸುಗಂಧರಾಜ, ಮರುಗ. ಕಟ್ಟಿದ ಹೂ ಅಳೆಯಲು ಇಲ್ಲಿ ಇಂದಿಗೂ ಮಾರೇ ಅಳತೆ. ಎರಡು ತೋಳು ಚಾಚಿದಷ್ಟು ಉದ್ದ ಒಂದು ಮಾರು. “ಗಿಡ್ಡಗಿರೋರ ಹತ್ರ ತಗೊಂಡ್ರೆ ನಷ್ಟ ಅಲ್ವಾ ಅಪ್ಪಾ?” ಎಂದಳು ಮಗಳು. ಹೂವಿನ ಅಂಗಡಿಯಾಕೆಗೆ ಅದು ಕೇಳಿಸಿಯೇಬಿಟ್ಟಿತು. “ಕೈ ಗಿಡ್ಡ ಇದ್ರೂ ಮನಸ್ಸು ಉದ್ದ ಐತೆ, ತಗೋ ಮಗಾ” ಎಂದು ಅರ್ಧ ಮೊಳ ಹೆಚ್ಚೇ ಅಳೆದರು.

ಈಗ ನನ್ನ ಋಣದ ಕಥೆ. ನಮ್ಮದು ಮಾಗಡಿ ಕಡೆಯ ಹಳ್ಳಿ. ನಾನು ಪಿಯುಸಿಗೆ ಸೇರಿ ಆರು ತಿಂಗಳಾದರೂ ಭೌತಶಾಸ್ತ್ರದ ಪುಸ್ತಕ ಇರಲಿಲ್ಲ. ಗೆಳೆಯರ ಪುಸ್ತಕ ನೋಡಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಅವರೆಕಾಯಿ ಬರಲಿ ಎನ್ನುತ್ತಿದ್ದರು ಅಪ್ಪ. ಬಂತು. ಮೂಟೆಗಳನ್ನು ಲಾರಿಗೆ ಹಾಕಿ ರಾತ್ರಿ ಹೊರಟು ಬೆಳಗಿನ ಜಾವ ಇದೇ ಮಾರ್ಕೆಟ್ಟಿಗೆ ಬಂದೆವು. ಚಳಿಗೆ ಗೋಣಿಚೀಲ ಹೊದ್ದು ಕೂತೆ. ಅಪ್ಪ ಮಂಡಿಯವರೊಂದಿಗೆ ಮಾತಾಡಿ, ಕಮಿಷನ್ ಕಳೆದು ಉಳಿದ ನೋಟುಗಳನ್ನು ಎರಡು ಸಲ ಎಣಿಸಿ, ಒಳಜೇಬಿಗೆ ಹಾಕಿಕೊಂಡರು. “ನಡಿ, ಮೊದ್ಲು ನಿನ್ ಪುಸ್ತಕ” ಎಂದು ಅವೆನ್ಯೂ ರಸ್ತೆಗೆ ಕರೆದುಕೊಂಡು ಹೋದರು.

ದೊಡ್ಡಪೇಟೆಯ ಪುಸ್ತಕಗಳು

ಅವೆನ್ಯೂ ರಸ್ತೆಯ ಹಳೆಯ ಹೆಸರು ದೊಡ್ಡಪೇಟೆ. ಅದಕ್ಕೆ ಅಡ್ಡಲಾಗಿ ಬರುವುದು ಚಿಕ್ಕಪೇಟೆ. ಇವೆರಡು ಕೂಡುವ ಚೌಕದಲ್ಲಿ ಕೆಂಪೇಗೌಡರು ಎತ್ತುಗಳಿಗೆ ನೇಗಿಲು ಕಟ್ಟಿಸಿ ನಾಲ್ಕು ದಿಕ್ಕಿಗೆ ಉಳಿಸಿದರು, ಎತ್ತು ನಿಂತಲ್ಲಿ ಊರ ಬಾಗಿಲು ನಿಲ್ಲಿಸಿದರು ಎಂಬುದು ಜನಜನಿತ ಕಥೆ. ಪೂರ್ವಕ್ಕೆ ಹಲಸೂರು ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪ, ಉತ್ತರಕ್ಕೆ ಯಲಹಂಕ, ದಕ್ಷಿಣಕ್ಕೆ ಆನೇಕಲ್ಲು.

ಪೇಟೆಗಳ ಹೆಸರುಗಳೇ ಒಂದು ಪಾಠ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ ಸರಕಿನ ಹೆಸರಿನವು. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ ಜನರ ಹೆಸರಿನವು. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಚೈತ್ರದ ಹುಣ್ಣಿಮೆಯ ರಾತ್ರಿ ಹೊರಡುವ ಕರಗ ಅರಳೆಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಬರುವುದು ಇವತ್ತಿಗೂ ತಪ್ಪಿಲ್ಲ. ಅವೆನ್ಯೂ ರಸ್ತೆಯಲ್ಲೇ ರೈಸ್ ಸ್ಮಾರಕ ಚರ್ಚಿದೆ. ನಮ್ಮ ನಾಡಿನ ಶಾಸನಗಳನ್ನು ಸಂಪಾದಿಸಿಕೊಟ್ಟ ಬಿ.ಎಲ್. ರೈಸ್ ಅವರ ತಂದೆಯ ನೆನಪಿನದು.

ವಿದ್ಯಾರ್ಥಿಗಳಿಗೆ ಅವೆನ್ಯೂ ರಸ್ತೆ ಎಂದರೆ ಹಳೆಯ ಪುಸ್ತಕ. ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು, ಸ್ಪರ್ಧಾತ್ಮಕ ಪರೀಕ್ಷೆ ಎಲ್ಲಕ್ಕೂ ಇಲ್ಲಿ ರಾಶಿ ಇರುತ್ತದೆ. ಪುಸ್ತಕದ ಹೆಸರು ಹೇಳಿದರೆ ಸಾಕು, ಅಂಗಡಿಯವರು ಯಾವ ಆವೃತ್ತಿ ಎಂದು ತಿರುಗಿ ಕೇಳುತ್ತಾರೆ. ಓದಿ ಮುಗಿಸಿದ್ದನ್ನು ಅವರಿಗೇ ಕಡಿಮೆ ಬೆಲೆಗೆ ಮಾರಬಹುದು. ಹತ್ತಿರದ ಎಸ್.ಪಿ. ರಸ್ತೆಯಲ್ಲಿ ಪ್ರಾಜೆಕ್ಟಿಗೆ ಬೇಕಾದ ತಂತಿ, ಮೋಟಾರು, ಸರ್ಕ್ಯೂಟುಗಳು ಬಿಡಿಬಿಡಿಯಾಗಿ ಸಿಗುತ್ತವೆ. ದುಡ್ಡಿದ್ದವರ ಮಕ್ಕಳಿಗೆ ಇದು ಅಗ್ಗದ ಪೇಟೆ. ಇಲ್ಲದವರ ಮಕ್ಕಳಿಗೆ ಓದು ಮುಂದುವರಿಯುತ್ತದೋ ಇಲ್ಲವೋ ಎಂಬುದೇ ಇಲ್ಲಿ ತೀರ್ಮಾನವಾಗುತ್ತದೆ.

ನನ್ನದು ತೀರ್ಮಾನವಾದದ್ದು ಅಲ್ಲೇ. ಅಂದು ಅಪ್ಪ ಅವರೆಕಾಯಿಗೆ ಮಾಡಿದಷ್ಟೇ ಚೌಕಾಸಿಯನ್ನು ಪುಸ್ತಕಕ್ಕೂ ಮಾಡಿದರು. “ನಮ್ ಕಾಯಿಗೆ ನೀವೆಷ್ಟು ಕೊಟ್ರಿ, ನಿಮ್ ಕಾಗದಕ್ಕೆ ನಾನೆಷ್ಟು ಕೊಡ್ಲಿ” ಎಂದರು. ಅಂಗಡಿಯವನು ನಕ್ಕು ಬೆಲೆ ಇಳಿಸಿದ. ಆ ಪುಸ್ತಕದ ಅಂಚುಗಳಲ್ಲಿ ಹಿಂದೆ ಓದಿದವರಾರೋ ಪೆನ್ಸಿಲಿನಲ್ಲಿ ಲೆಕ್ಕಗಳನ್ನು ಬಿಡಿಸಿದ್ದರು. ಮೇಷ್ಟ್ರು ಬಿಟ್ಟ ಹಂತಗಳನ್ನು ಆ ಕಾಣದ ವಿದ್ಯಾರ್ಥಿ ನನಗೆ ಹೇಳಿಕೊಟ್ಟ. ಪರೀಕ್ಷೆ ಮುಗಿದ ಮೇಲೆ ಪುಸ್ತಕವನ್ನು ಅಲ್ಲಿಗೇ ತಂದು ಮಾರಿದೆ. ಮಾರುವ ಮುನ್ನ ನಾನು ಬಿಡಿಸಿದ ಲೆಕ್ಕಗಳನ್ನು ಅಳಿಸಲಿಲ್ಲ.

ಇದನ್ನೆಲ್ಲ ಮಗಳಿಗೆ ಅದೇ ಬೀದಿಯಲ್ಲಿ ನಿಂತು ಹೇಳಿದೆ. “ಈಗ ಎಲ್ಲ ಫೋನಲ್ಲೇ ಸಿಗುತ್ತೆ ಅಪ್ಪಾ” ಎಂದು ಶುರು ಮಾಡಿದವಳು ಮಾತು ಅರ್ಧಕ್ಕೆ ನಿಲ್ಲಿಸಿ ಒಂದು ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಅರ್ಧ ಗಂಟೆ ಎದ್ದೇಳಲಿಲ್ಲ. ಕೊನೆಗೆ ಆರಿಸಿದ ಗಣಿತದ ಪುಸ್ತಕದ ಮೊದಲ ಪುಟದಲ್ಲಿ ಮೂರು ಹೆಸರು, ಮೂರು ಬಣ್ಣದ ಶಾಯಿ. ಚೌಕಾಸಿಯನ್ನು ಆಕೆಗೇ ಬಿಟ್ಟೆ. ತಾತನಷ್ಟು ಚುರುಕಿಲ್ಲ. ಕಲಿಯುತ್ತಾಳೆ.

ಹೋಗುವ ಮುನ್ನ

ಹೆತ್ತವರಿಗೆ ಕೆಲವು ಮಾತು. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ಕೋಟೆ, ದೇವಸ್ಥಾನ, ಅರಮನೆ, ಮಾರುಕಟ್ಟೆ, ಅವೆನ್ಯೂ ರಸ್ತೆ ನೋಡಿಕೊಂಡು ಚಿಕ್ಕಪೇಟೆ ನಿಲ್ದಾಣದಲ್ಲಿ ರೈಲು ಹತ್ತಬಹುದು. ಬಂದ ದಾರಿಯಲ್ಲೇ ಹಿಂದಿರುಗಬೇಕಾಗಿಲ್ಲ. ನಡೆಯಲು ಅರ್ಧ ದಿನ ಸಾಕು. ಬೆಳಿಗ್ಗೆ ಬೇಗ ಹೋದರೆ ಹೂವೂ ತಾಜಾ, ಬಿಸಿಲೂ ಕಡಿಮೆ. ಭಾನುವಾರ ಪುಸ್ತಕ ಕೊಳ್ಳುವ ಯೋಚನೆ ಬೇಡ, ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ. ಒಳ್ಳೆಯ ಚಪ್ಪಲಿ ಇರಲಿ, ಮಾರುಕಟ್ಟೆಯ ನೆಲ ಸದಾ ಒದ್ದೆ. ಜೇಬಿನ ಮೇಲೆ ಕೈ ಇರಲಿ, ಪುಟ್ಟ ಮಕ್ಕಳ ಕೈ ನಿಮ್ಮ ಕೈಯಲ್ಲಿರಲಿ.

ನಿಲ್ದಾಣದಲ್ಲಿ ಹಳದಿ ಗೆರೆಯ ಹಿಂದೆಯೇ ನಿಲ್ಲುವುದನ್ನು ಮಕ್ಕಳಿಗೆ ಗಟ್ಟಿಯಾಗಿ ಹೇಳಿ. ಹೆದರಿಸಲು ಅಲ್ಲ, ಕಾರಣ ತಿಳಿಸಲು. ನಮ್ಮ ಮೆಟ್ರೊಗೆ ವಿದ್ಯುತ್ ಬರುವುದು ತಲೆಯ ಮೇಲಿನ ತಂತಿಯಿಂದಲ್ಲ. ಹಳಿಯ ಪಕ್ಕದಲ್ಲೇ ಇರುವ ಮೂರನೇ ಹಳಿಯಲ್ಲಿ 750 ವೋಲ್ಟ್ ನೇರ ವಿದ್ಯುತ್ ಹರಿಯುತ್ತಿರುತ್ತದೆ. ಕೆಳಗೆ ಬಿದ್ದ ವಸ್ತು ಎಷ್ಟೇ ಬೆಲೆಬಾಳಲಿ, ಸಿಬ್ಬಂದಿಯನ್ನು ಕರೆಯಬೇಕೇ ಹೊರತು ಇಳಿಯಬಾರದು.

ಮಕ್ಕಳಿಗೆ ಒಂದೇ ಮಾತು. ನಿಮ್ಮ ಊರು ಬೆಂಗಳೂರೇ ಆಗಬೇಕೆಂದಿಲ್ಲ. ನೀವು ದಿನಾ ದಾಟಿ ಹೋಗುವ, ಹೆಸರು ಮಾತ್ರ ಗೊತ್ತಿರುವ ಒಂದು ನಿಲ್ದಾಣ ಎಲ್ಲ ಊರಿನಲ್ಲೂ ಇರುತ್ತದೆ. ಒಂದು ದಿನ ಅಲ್ಲಿ ಇಳಿದು ನೋಡಿ. ಕೋಟೆ ಕರಗಿದಂತೆ ಹಳೆಯ ಪುಸ್ತಕದ ಸಾಲೂ ನಾಳೆ ಯಾವುದೋ ಸರಿಯಾದ ಕಾರಣಕ್ಕೆ ಕರಗಬಹುದು. ನೋಡದವರಿಗೆ ಅದು ಹೋದದ್ದೂ ಗೊತ್ತಾಗುವುದಿಲ್ಲ.

ನಾವು ಹೋಗಿ ಬಂದ ಮಾರನೆಯ ವಾರ ಮಗಳು ಕಾಲೇಜಿನಿಂದ ಮುಕ್ಕಾಲು ಗಂಟೆ ತಡವಾಗಿ ಬಂದಳು. ಎಲ್ಲಿ ಹೋಗಿದ್ದೆ ಎಂದು ಗದರುವಷ್ಟರಲ್ಲಿ ಬಾಳೆಲೆಯ ಪೊಟ್ಟಣವೊಂದನ್ನು ಅಮ್ಮನ ಕೈಗಿಟ್ಟಳು. “ಮಾರ್ಕೆಟ್ಟಲ್ಲಿ ಇಳಿದಿದ್ದೆ” ಎಂದಳು.

ನನ್ನ ಹೆಂಡತಿ ಪೊಟ್ಟಣ ಬಿಚ್ಚಿ ಸೇವಂತಿಗೆಯನ್ನು ತನ್ನ ತೋಳಿಗೆ ಹಿಡಿದು ಅಳೆದು ನೋಡಿದಳು. “ಮಾರು ಎಷ್ಟಕ್ಕೆ ಕೊಟ್ರು?”

ಮಗಳು ಹೇಳಿದಳು. ನಾನು ಕೊಂಡದ್ದಕ್ಕಿಂತ ಐದು ರೂಪಾಯಿ ಕಡಿಮೆ.